ಒಂದು ಹೊರೆ ಕಟ್ಟಿಗೆ, ಒಂದು ಬೊಗಸೆ ಬೂದಿ

ನಮ್ಮನೆ ಬಚ್ಚಲೊಲೆಗೆ ದಿನಕ್ಕೊಂದು ಹೊರೆ ಕಟ್ಟಿಗೆ ಬೇಕು. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಶಿರಸಿ ಕಡೆ ಹಳ್ಳಿಮನೆ ಅಂದಮೇಲೆ ಹಂಡೆಯ ನೀರು ಬೆಳಗಿಂದ ರಾತ್ರಿವರೆಗೂ ಬಿಸಿ ಇರಬೇಕು ನೋಡಿ, ಅಡಿಕೆ ಸಿಪ್ಪೆ, ತೆಂಗಿನ ಹೆಡೆ, ಒಣ ಕುಂಟೆ, ಸಿಕ್ಕಿದ್ದೆಲ್ಲ ಆ ಒಲೆಗೇ ಹೋಗುತ್ತದೆ. ಆಗಾಗ ಬೂದಿ ತೆಗೆದು ತೆಂಗಿನ ಬುಡಕ್ಕೆ ಹಾಕುವ ಕೆಲಸ ನನ್ನದು. ಈ ಸಲ ಬೇಸಿಗೆ ರಜೆಗೆ ಬಂದ ತಂಗಿಯ ಮಗಳು ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಬೂದಿ ಬುಟ್ಟಿಯ ತಳ ಮುಚ್ಚಿತು, ಅಷ್ಟೇ.

“ಮಾವ, ಅಷ್ಟೆಲ್ಲಾ ಕಟ್ಟಿಗೆ ಹಾಕಿದ್ಯಲಾ, ಬೂದಿ ಎಂತಕ್ಕೆ ಇಷ್ಟೇ ಇದ್ದು? ಉಳಿದದ್ದೆಲ್ಲ ಎಲ್ಲಿ ಹೋತು?”

ಗಾಳಿಗೆ ಹೋಯಿತು ಅಂದೆ. ಬಂದದ್ದೂ ಅಲ್ಲಿಂದಲೇ ಅಂತಲೂ ಸೇರಿಸಿದೆ. ಅವಳು ನಂಬಲಿಲ್ಲ. ಮರ ಮಣ್ಣಿನಿಂದ ಬರೋದು, ಎಲ್ಲರಿಗೂ ಗೊತ್ತು ಅಂದಳು.

ಇದು ಚಿಕ್ಕ ಹುಡುಗಿಯೊಬ್ಬಳ ತಪ್ಪು ತಿಳಿವಳಿಕೆ ಅಂತ ಬಿಡೋ ಹಾಗಿಲ್ಲ. ನಾವು ತೋಟದವರು ಎಲ್ಲದಕ್ಕೂ ನೆಲವನ್ನೇ ನೋಡುತ್ತೇವೆ. ಫಸಲು ಕಮ್ಮಿ ಆಯಿತಾ, ಗೊಬ್ಬರ ಸಾಲಲಿಲ್ಲ ಅನ್ನುತ್ತೇವೆ. ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಅದು ಗೊಬ್ಬರವಾದ ಮೇಲೆ ಹೊತ್ತು ತಂದು ಮರದ ಬುಡಕ್ಕೆ ಸುರಿದು, “ಮರಕ್ಕೆ ಊಟ ಹಾಕಿ ಆಯಿತು” ಅನ್ನುವ ಮಾತು ನಾನು ಚಿಕ್ಕಂದಿನಿಂದ ಕೇಳಿದ್ದು. ಮಾತು ಚೆನ್ನಾಗಿದೆ, ಕೆಲಸವೂ ಸರಿಯಾಗಿದೆ. ಆದರೆ ಅದು ಊಟ ಅಲ್ಲ. ಮರದ ಊಟ ಎಲೆಯಲ್ಲಿ ತಯಾರಾಗುತ್ತದೆ, ಗಾಳಿ ಮತ್ತು ನೀರಿನಿಂದ, ಬಿಸಿಲಿನ ಬೆಂಕಿಯಲ್ಲಿ. ಬುಡಕ್ಕೆ ನಾವು ಹಾಕುವುದು ಉಪ್ಪು ಹುಳಿಯ ಲೆಕ್ಕ, ಮತ್ತೆ ಒಲೆ ಕಟ್ಟಲು ಬೇಕಾದ ಸಾಮಾನು. ಇದನ್ನು ಈಗ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಅಡಿಕೆಯ ಎಲೆಚುಕ್ಕಿ ರೋಗ. ಅದು ನಮ್ಮ ಕಡೆಯ ತೋಟಗಳಿಗೆ ಹರಡಿದ ಮೇಲೆ ಸೋಗೆ, ಅಂದರೆ ಅಡಿಕೆಯ ಗರಿ, ಒಣಗುವುದನ್ನು ಕಣ್ಣಾರೆ ನೋಡುತ್ತಿದ್ದೇವೆ, ಆದರೂ ಕೈ ಹೋಗೋದು ಗೊಬ್ಬರದ ಚೀಲಕ್ಕೇ.

ಮನುಷ್ಯನಿಗೆ ಈ ವಿಷಯ ಅರ್ಥವಾಗಲು ಹಿಡಿದ ಕಾಲ ಕಮ್ಮಿಯೇನಲ್ಲ. ಹಳೇ ಗ್ರೀಕರು ಮಣ್ಣೇ ಗಿಡದ ಹೊಟ್ಟೆ, ಅಲ್ಲಿ ಜೀರ್ಣವಾದದ್ದನ್ನು ಬೇರು ಹೀರುತ್ತದೆ ಅಂದುಕೊಂಡಿದ್ದರು. ಸುಮಾರು 2000 ವರ್ಷ ಅದೇ ನಡೆಯಿತು. ಕೊನೆಗೆ ತಕ್ಕಡಿ ತಂದು ತೂಗಿದವನು ಈಗಿನ ಬೆಲ್ಜಿಯಂನ ಯಾನ್ ಬ್ಯಾಪ್ಟಿಸ್ಟಾ ವಾನ್ ಹೆಲ್ಮಾಂಟ್. ಒಂದು ದೊಡ್ಡ ಕುಂಡದಲ್ಲಿ ಒಣಗಿಸಿದ ಮಣ್ಣು 200 ಪೌಂಡ್ ತುಂಬಿದ. 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟ. ಧೂಳು ಬೀಳದಂತೆ ತೂತಿನ ತಗಡು ಮುಚ್ಚಿ, ಬರೀ ನೀರು ಹಾಕುತ್ತಾ 5 ವರ್ಷ ಕಾದ. ಐದು ವರ್ಷ! ಆಮೇಲೆ ಕಿತ್ತು ತೂಗಿದರೆ ಮರ 169 ಪೌಂಡ್ ದಾಟಿತ್ತು. ಅದೂ ಉದುರಿದ ಎಲೆಗಳನ್ನು ಬಿಟ್ಟು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದ. ಕಮ್ಮಿಯಾಗಿದ್ದದ್ದು ಸುಮಾರು 2 ಔನ್ಸ್, ನಮ್ಮ ಲೆಕ್ಕದಲ್ಲಿ 60 ಗ್ರಾಮಿನೊಳಗೆ.

ಹಾಗಾದರೆ ಮರವೆಲ್ಲ ನೀರಿನಿಂದಲೇ ಆಯಿತು ಅಂತ ಹೆಲ್ಮಾಂಟ್ ತೀರ್ಮಾನ ಮಾಡಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಮಗ ಅದನ್ನೆಲ್ಲ ಅಚ್ಚು ಹಾಕಿಸಿದ.

ನನಗೆ ಈ ಕತೆಯಲ್ಲಿ ಹೊಟ್ಟೆ ಚುರುಕ್ ಅನ್ನಿಸುವ ಜಾಗ ಬೇರೆ ಇದೆ. ಇದೇ ಹೆಲ್ಮಾಂಟ್ ಇದ್ದಿಲನ್ನೂ ಸುಟ್ಟು ತೂಗಿದ್ದ. 62 ಪೌಂಡ್ ಇದ್ದಿಲಿಗೆ ಉಳಿದದ್ದು 1 ಪೌಂಡ್ ಬೂದಿ. ನಮ್ಮ ಬಚ್ಚಲೊಲೆಯ ಲೆಕ್ಕವೇ! ಉಳಿದ 61 ಪೌಂಡ್ ಕಣ್ಣಿಗೆ ಕಾಣದ ಒಂದು ವಸ್ತುವಾಗಿ ಹಾರಿಹೋಯಿತು ಅಂತ ಬರೆದ, ಅದಕ್ಕೆ ‘ಗ್ಯಾಸ್’ ಅಂತ ಹೆಸರೂ ಇಟ್ಟ. ಇವತ್ತು ನಾವು ಸಿಲಿಂಡರ್ ಬುಕ್ ಮಾಡುವಾಗ ಹೇಳುವ ಪದ ಅವನದೇ. ಅಂದರೆ ಮರ ಗಾಳಿಯಾಗಿ ಹೋಗುವುದನ್ನು ಕಂಡವನೂ ಅವನೇ, ಮರ ಮಣ್ಣಿನಿಂದ ಬರುವುದಿಲ್ಲ ಅಂತ ತೋರಿಸಿದವನೂ ಅವನೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಆಗುತ್ತಿತ್ತು. ಆ ಎರಡು ಲೆಕ್ಕ ಕೂಡಲು ಇನ್ನೂ 130 ವರ್ಷದ ಮೇಲೆ ಹಿಡಿಯಿತು.

ಮುಂದಿನ ಹೆಜ್ಜೆ ಇಂಗ್ಲೆಂಡಿನಲ್ಲಿ, ಒಂದು ಪುದೀನ ಕಡ್ಡಿಯಿಂದ. ಜೋಸೆಫ್ ಪ್ರೀಸ್ಟ್ಲಿ ಚರ್ಚಿನ ಪಾದ್ರಿ, ಬಿಡುವಿನಲ್ಲಿ ಗಾಳಿಯ ಹಿಂದೆ ಬಿದ್ದವನು. ಮುಚ್ಚಿದ ಗಾಜಿನ ಪಾತ್ರೆಯೊಳಗೆ ಮೇಣದ ಬತ್ತಿ ಉರಿಸಿದರೆ ಸ್ವಲ್ಪ ಹೊತ್ತಿಗೆ ಆರುತ್ತದೆ. ಆ ಗಾಳಿಯಲ್ಲಿ ಇಲಿ ಬಿಟ್ಟರೆ ಬದುಕುವುದಿಲ್ಲ. ಗಿಡವೂ ಸಾಯಬಹುದು ಅಂದುಕೊಂಡಿದ್ದ. 1771ರ ಆಗಸ್ಟ್ 17ರಂದು ಅಂಥ ಕೆಟ್ಟ ಗಾಳಿಯೊಳಗೆ ಪುದೀನ ಕಡ್ಡಿ ಇಟ್ಟ. ಅದು ಸಾಯಲಿಲ್ಲ. 10 ದಿನ ಬಿಟ್ಟು, 27ಕ್ಕೆ, ಅದೇ ಗಾಳಿಯಲ್ಲಿ ಮತ್ತೆ ಬತ್ತಿ ಹಚ್ಚಿದರೆ ಚೆನ್ನಾಗಿ ಉರಿಯಿತು. ನಾವು ಕೆಡಿಸಿದ ಗಾಳಿಯನ್ನು ಗಿಡ ರಿಪೇರಿ ಮಾಡುತ್ತದೆ! ಆಗ ಇಂಗ್ಲೆಂಡಿನಲ್ಲೇ ಇದ್ದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ಕೇಳಿ ಪ್ರೀಸ್ಟ್ಲಿಗೆ ಪತ್ರ ಬರೆದ. ಮನೆ ಹತ್ತಿರದ ಮರ ಕಡಿಯುವ ಹುಚ್ಚು ಇನ್ನಾದರೂ ಸ್ವಲ್ಪ ತಗ್ಗಲಿ ಅನ್ನುವುದು ಅವನ ಆಸೆ. ಅವನು ಹಾಗೆ ಬರೆದು 200 ವರ್ಷ ಕಳೆದ ಮೇಲೂ, 1983ರಲ್ಲಿ, ನಮ್ಮ ಸಾಲ್ಕಣಿ ಸುತ್ತಿನ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಲ್ಲಬೇಕಾಯಿತು.

ಆದರೆ ಪ್ರೀಸ್ಟ್ಲಿಗೆ ಒಂದು ತಲೆನೋವು ಶುರುವಾಯಿತು. ಪ್ರಯೋಗ ಒಮ್ಮೆ ಸರಿ ಬಂದರೆ ಮತ್ತೊಮ್ಮೆ ಕೈಕೊಡುತ್ತಿತ್ತು. ಬೇರೆಯವರು ಮಾಡಿದರೂ ಅದೇ ಗೋಳು. ಯಾಕೆ ಅಂತ ಹಿಡಿದವನು ಡಚ್ ವೈದ್ಯ ಯಾನ್ ಇಂಗೆನ್‌ಹೌಸ್. ವಿಯೆನ್ನಾದ ರಾಜಮನೆತನಕ್ಕೆ ಸಿಡುಬಿನ ಚುಚ್ಚುಮದ್ದು ಕೊಟ್ಟು ಹೆಸರು ಮಾಡಿದ್ದವನು. 1779ರ ಬೇಸಿಗೆಯಲ್ಲಿ ಲಂಡನ್ ಹತ್ತಿರ ಒಂದು ಮನೆ ಹಿಡಿದು ಮೂರು ತಿಂಗಳಲ್ಲಿ 500ಕ್ಕೂ ಹೆಚ್ಚು ಪ್ರಯೋಗ ಮಾಡಿದ. ಎಲೆಗಳನ್ನು ನೀರಲ್ಲಿ ಮುಳುಗಿಸಿ ಬಿಸಿಲಿಗೆ ಇಟ್ಟರೆ ಗುಳ್ಳೆ ಏಳುತ್ತದೆ, ನೆರಳಿಗೆ ತಂದರೆ ನಿಲ್ಲುತ್ತದೆ. ಹಸಿರು ಇರುವ ಭಾಗ ಮಾತ್ರ ಈ ಕೆಲಸ ಮಾಡುತ್ತದೆ. ಕತ್ತಲಲ್ಲಿ ಗಿಡವೂ ನಮ್ಮ ಹಾಗೇ ಗಾಳಿ ಕೆಡಿಸುತ್ತದೆ. ಪ್ರೀಸ್ಟ್ಲಿಯ ಪ್ರಯೋಗ ಕೈಕೊಡಲು ದೊಡ್ಡ ಕಾರಣ ಇಷ್ಟೇ: ಗಿಡಕ್ಕೆ ಬೆಳಕು ಸಿಕ್ಕಿತಾ ಇಲ್ಲವಾ ಅಂತ ಆತ ಲೆಕ್ಕ ಇಟ್ಟಿರಲಿಲ್ಲ.

ಗುಳ್ಳೆಯ ಪ್ರಯೋಗಕ್ಕೆ ಏನೂ ಖರ್ಚಿಲ್ಲ. ನಮ್ಮ ತೋಟದ ಕೆರೆಯಲ್ಲಿ ಬೆಳೆಯುವ ನೀರುಕಳೆಯ ಒಂದು ಎಳೆಯನ್ನು ಗಾಜಿನ ಲೋಟಕ್ಕೆ ಹಾಕಿ ಅಂಗಳದ ಬಿಸಿಲಿಗೆ ಇಟ್ಟೆವು. ಕೂಸು ಕೆಮ್ಮಣ್ಣಿನ ನೆಲದ ಮೇಲೆ ಬೋರಲು ಮಲಗಿ ಲೋಟಕ್ಕೆ ಮೂಗು ತಾಗಿಸಿ ನೋಡುತ್ತಿದ್ದಳು. ಮೊದಲು ಏನೂ ಇಲ್ಲ. ಆಮೇಲೆ ಮುರಿದ ತುದಿಯಿಂದ ಸಾಸಿವೆಗಿಂತ ಚಿಕ್ಕ ಗುಳ್ಳೆ ಒಂದು, ಇನ್ನೊಂದು, ಆಮೇಲೆ ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ. ನಾನು ಮೇಲೆ ಕಂಬಳಿ ಹಿಡಿದು ನೆರಳು ಮಾಡಿದೆ. ಗುಳ್ಳೆ ನಿಧಾನ ಆಯಿತು, ನಿಂತಿತು. ಕಂಬಳಿ ತೆಗೆದರೆ ಮತ್ತೆ ಶುರು. ಅವಳು ಒಂದು ನಿಮಿಷಕ್ಕೆ ಎಷ್ಟು ಅಂತ ಎಣಿಸಿ ಬರೆದುಕೊಂಡಳು. ಜಗದೀಶಚಂದ್ರ ಬೋಸರು ಕೊಲ್ಕತ್ತೆಯಲ್ಲಿ 1920ರ ದಶಕದಲ್ಲಿ ಹೈಡ್ರಿಲ್ಲಾ ಅನ್ನುವ ನೀರುಗಿಡ ಇಟ್ಟುಕೊಂಡು ಇದನ್ನೇ ಅಭ್ಯಾಸ ಮಾಡಿದ್ದರು, ಗಿಡ ಬಿಡುವ ಆಕ್ಸಿಜನ್ ತಾನಾಗಿಯೇ ದಾಖಲಾಗುವ ಹಾಗೆ ಒಂದು ಯಂತ್ರವನ್ನೂ ಕಟ್ಟಿದ್ದರು ಅಂತ ಹೇಳಿದೆ. ತಾನೂ ಬೋಸರ ಕೆಲಸವನ್ನೇ ಮಾಡುತ್ತಿದ್ದೇನೆ ಅಂತ ಅವಳಿಗೆ ಖುಷಿ. ನಿಜವೇ ಅಲ್ವಾ?

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅಶ್ವತ್ಥ ಮರ, ತುಳಸಿ ಗಿಡ ರಾತ್ರಿಯೂ ಆಕ್ಸಿಜನ್ ಕೊಡುತ್ತವೆ ಅನ್ನುವ ಮೆಸೇಜು ವಾಟ್ಸಾಪಿನಲ್ಲಿ ವರ್ಷಕ್ಕೆ ಹತ್ತು ಸಲ ಬರುತ್ತದೆ. ಅಶ್ವತ್ಥಕ್ಕೂ ತುಳಸಿಗೂ ನಾನೂ ಕೈ ಮುಗಿಯುತ್ತೇನೆ, ಆದರೆ ಬೆಳಕಿಲ್ಲದೆ ಯಾವ ಗಿಡವೂ ಆಕ್ಸಿಜನ್ ತಯಾರಿಸುವುದಿಲ್ಲ. ಇದು 1779ರಲ್ಲೇ ಇತ್ಯರ್ಥವಾದ ವಿಷಯ. ಹಾಗಂತ ರಾತ್ರಿ ಕೋಣೆಯಲ್ಲಿ ಗಿಡ ಇಟ್ಟರೆ ಅಪಾಯ ಅನ್ನುವುದೂ ಸುಮ್ನೆ ಹೆದರಿಕೆ. ಕುಂಡದ ಗಿಡ ಬಿಡುವುದಕ್ಕಿಂತ ಪಕ್ಕದಲ್ಲಿ ಮಲಗಿದ ಮನುಷ್ಯ ಬಿಡುವ ಕೆಟ್ಟ ಗಾಳಿ ಎಷ್ಟೋ ಜಾಸ್ತಿ.

ಬೆಳಕು ಬೇಕು, ಹಸಿರು ಬೇಕು ಅಂತಾಯಿತು. ಗಿಡ ತಿನ್ನುವುದು ಏನನ್ನು? ಜಿನೀವಾದ ಜಾನ್ ಸೆನೆಬಿಯೆ 1782ರಲ್ಲಿ ಅದಕ್ಕೆ ಉತ್ತರ ಕೊಟ್ಟ. ಎಲೆಗೆ ಬೇಕಾದದ್ದು ನಾವು ಉಸಿರಾಡಿ ಬಿಡುವ, ಒಲೆ ಉರಿದಾಗ ಹೋಗುವ ಅದೇ ಇಂಗಾಲದ ಡೈಆಕ್ಸೈಡ್. ಅದೇ ಊರಿನ ನಿಕೊಲಾ ಥಿಯೊಡೋರ್ ಡಿ ಸೋಸ್ಯೂರ್ ಎಲ್ಲವನ್ನೂ ತೂಗಿ, ಗಿಡದ ತೂಕ ಏರಿದ್ದು ಹೀರಿಕೊಂಡ ಇಂಗಾಲಕ್ಕಿಂತ ಜಾಸ್ತಿ, ಆ ಜಾಸ್ತಿ ಬಂದದ್ದು ನೀರಿನಿಂದ ಅಂತ 1804ರಲ್ಲಿ ತೋರಿಸಿದ. ಹೆಲ್ಮಾಂಟ್ ಹೇಳಿದ್ದೂ ಪೂರ್ತಿ ಸುಳ್ಳಾಗಲಿಲ್ಲ, ನೀರಿಗೂ ಪಾಲಿತ್ತು. ನೆನಪಿಡಬೇಕಾದ ಅಂಕಿ ಒಂದಿದೆ. ಇವತ್ತು ಗಾಳಿಯ 10,000 ಕಣದಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಸುಮಾರು 4. ಅಷ್ಟರಲ್ಲೇ ಆರಿಸಿ ಆರಿಸಿ ನಮ್ಮ ಹಲಸಿನ ಮರ, ಹೊನ್ನೆ, ಮತ್ತಿ, ನಂದಿ, ಇಡೀ ಘಟ್ಟದ ಕಾಡು ಎದ್ದು ನಿಂತಿದೆ.

ಪಠ್ಯಪುಸ್ತಕದಲ್ಲಿ ಇದಕ್ಕೆ ದ್ಯುತಿಸಂಶ್ಲೇಷಣೆ ಅನ್ನುತ್ತಾರೆ. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸಿ ಕಟ್ಟುವುದು. ಬೆಳಕಿನಿಂದ ಕಟ್ಟುವುದು ಅಂತ ಹೇಳಿಕೊಟ್ಟರೆ ಮಕ್ಕಳು ಹೆದರುವುದಿಲ್ಲ. ಕೂಸು ಈ ಪದವನ್ನು ಬಾಯಿಪಾಠ ಮಾಡಿದ್ದಳು, ಸ್ಪೆಲಿಂಗೂ ಸರಿಯಾಗಿ ಬರೆಯುತ್ತಿದ್ದಳು, ಆದರೆ ಅದಕ್ಕೂ ಒಲೆಯ ಕಟ್ಟಿಗೆಗೂ ಸಂಬಂಧ ಇದೆ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ನನಗೆ ಬೇಸರ ಆಗುವುದು ಅದಕ್ಕೇ.

ಎಲೆಯೊಳಗೆ ಅಡುಗೆ ಆದದ್ದು ಕಣ್ಣಿಗೆ ಕಾಣಬೇಕಲ್ಲ. 1860ರ ದಶಕದಲ್ಲಿ ಜರ್ಮನಿಯ ಯೂಲಿಯಸ್ ಜಾಕ್ಸ್ ಅದನ್ನು ಕಾಣಿಸಿದ. ಬೆಳಕು ಬಿದ್ದ ಎಲೆಯಲ್ಲಿ ಪಿಷ್ಟ ಕೂಡುತ್ತದೆ, ಅಯೋಡಿನ್ ಹಾಕಿದರೆ ಆ ಜಾಗ ಕಪ್ಪು ನೀಲಿಯಾಗುತ್ತದೆ. ನಾವೂ ದಾಸವಾಳದ ಎಲೆಯಲ್ಲಿ ಮಾಡಿದೆವು. ಎಲೆಯ ನಡುವೆ ಕಪ್ಪು ಕಾಗದದ ಪಟ್ಟಿ ಕ್ಲಿಪ್ ಹಾಕಿ, ಒಂದು ದಿನ ಬಿಸಿಲಿಗೆ ಬಿಟ್ಟು, ಕಿತ್ತು ತಂದೆವು. ಮೊದಲು ಬಿಸಿನೀರಿನಲ್ಲಿ ಅದ್ದಿ, ಆಮೇಲೆ ಸ್ಪಿರಿಟ್ ಹಾಕಿದ ಲೋಟದಲ್ಲಿ ಮುಳುಗಿಸಿ, ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟೆವು. ಸ್ಪಿರಿಟ್ ಬೆಂಕಿಯ ಹತ್ತಿರ ಬರಕೂಡದು, ನೀರು ಕಾಯಿಸಿ ಒಲೆಯಿಂದ ದೂರ ತಂದ ಮೇಲೇ ಈ ಕೆಲಸ. ಸ್ಪಿರಿಟ್ ಹಸಿರಾಯಿತು, ಎಲೆ ಬೆಳ್ಳಗೆ ಬಟ್ಟೆಯ ಹಾಗಾಯಿತು. ಟಿಂಕ್ಚರ್ ಅಯೋಡಿನ್ ಹನಿಸಿದರೆ ಎಲೆ ಇಡೀ ಕಪ್ಪು. ಪಟ್ಟಿ ಮುಚ್ಚಿದ್ದ ಜಾಗವೂ ಕಪ್ಪೇ.

ಅವತ್ತು ಅವಳ ಮುಖ ನೋಡಲಾಗಲಿಲ್ಲ. ಪುಸ್ತಕದಲ್ಲಿ ಸುಳ್ಳು ಬರೆದಿದ್ದಾರಾ ಅಂತ ಕೇಳಿದಳು. ರಾತ್ರಿ ಮಲಗಿದಾಗ ನನಗೆ ಹೊಳೆಯಿತು. ಪಟ್ಟಿ ಕಟ್ಟುವ ಹೊತ್ತಿಗೆ ಎಲೆಯಲ್ಲಿ ಮುಂಚಿನ ಪಿಷ್ಟ ಇನ್ನೂ ಉಳಿದಿತ್ತು, ಮೊದಲು ಅದು ಖಾಲಿ ಆಗಬೇಕು. ಮರುದಿನ ದಾಸವಾಳದ ಕುಂಡವನ್ನು ಉಗ್ರಾಣದ ಕತ್ತಲಲ್ಲಿ ಎರಡು ದಿನ ಇಟ್ಟು, ಆಮೇಲೆ ಪಟ್ಟಿ ಕಟ್ಟಿ ಬಿಸಿಲಿಗೆ ತಂದೆವು. ಈ ಸಲ ಕಪ್ಪು ಎಲೆಯ ನಡುವೆ ಅಡ್ಡಕ್ಕೆ ಒಂದು ಬಿಳಚು ಗೆರೆ, ರೂಲರ್ ಇಟ್ಟು ಎಳೆದ ಹಾಗೆ. ಮೊದಲ ಸಲ ಕೆಟ್ಟದ್ದರಿಂದಲೇ ನಮಗೆ ಇನ್ನೊಂದು ವಿಷಯ ತಿಳಿಯಿತು. ಹಗಲು ಮಾಡಿದ ಅಡುಗೆಯನ್ನು ಎಲೆ ತಾನೇ ಇಟ್ಟುಕೊಂಡು ಕೂರುವುದಿಲ್ಲ. ಪಿಷ್ಟ ರಾತ್ರಿ ಕರಗಿ ಸಕ್ಕರೆಯಾಗಿ ಬೇರಿಗೆ, ಸುಳಿಗೆ, ಕಾಯಿಗೆ ಹೊರಡುತ್ತದೆ.

ಮುಂದೆ ಬೆಳಕಿನ ಬಣ್ಣದ ವಿಚಾರ. 1882ರಲ್ಲಿ ಥಿಯೊಡೋರ್ ಎಂಗಲ್‌ಮನ್ ಅನ್ನುವ ಜರ್ಮನ್ ವಿಜ್ಞಾನಿ ಪಾಚಿಯ ಒಂದು ಎಳೆಯ ಮೇಲೆ ಕಾಮನಬಿಲ್ಲಿನ ಬಣ್ಣ ಬೀಳಿಸಿ, ಆಕ್ಸಿಜನ್ ಇರುವ ಕಡೆ ಓಡುವ ಬ್ಯಾಕ್ಟೀರಿಯಾಗಳನ್ನು ಅದರ ಸುತ್ತ ಬಿಟ್ಟ. ಅವು ಕೆಂಪು ಮತ್ತು ನೀಲಿ ಬಿದ್ದ ಕಡೆ ಹೋಗಿ ಗುಂಪು ಕಟ್ಟಿದವು. ಹಸಿರು ಬೆಳಕನ್ನು ಎಲೆ ಅಷ್ಟಾಗಿ ಹಿಡಿಯುವುದಿಲ್ಲ, ನಮ್ಮ ಕಣ್ಣಿಗೆ ವಾಪಸ್ ಕಳಿಸುತ್ತದೆ, ಅದಕ್ಕೇ ಕಾಡು ಹಸಿರು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಹೋದವರಿಗೆ ಗೊತ್ತು, ಮಟಮಟ ಮಧ್ಯಾಹ್ನವೂ ಅಲ್ಲಿ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಂಥ ದಟ್ಟ ಕಾಡಿನಲ್ಲಿ ಮೇಲಿನ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ನೆಲ ಮುಟ್ಟಿದರೆ ಹೆಚ್ಚು. ಅಷ್ಟರಲ್ಲೇ ಬದುಕುವ ಗಿಡಗಳಿಗೆ ಅಗಲವಾದ, ತೆಳುವಾದ, ಕಡು ಹಸಿರಿನ ಎಲೆ. ಕಾಳುಮೆಣಸು, ಏಲಕ್ಕಿ ಆ ನೆರಳಿನ ಜಾತಿಯವೇ. ಅವನ್ನು ಅಡಿಕೆಯ ಕೆಳಗೆ ಬೆಳೆಸಬೇಕು ಅಂತ ನಮ್ಮ ಹಿರಿಯರು ಯಾವ ಪುಸ್ತಕ ಓದಿಯೂ ಕಲಿತದ್ದಲ್ಲ.

ಲೋಟದಲ್ಲಿ ಕಂಡ ಗುಳ್ಳೆಯ ಆಕ್ಸಿಜನ್ ಎಲ್ಲಿಯದು? ಇಂಗಾಲದ ಡೈಆಕ್ಸೈಡ್ ಒಡೆದು ಇಂಗಾಲವನ್ನು ಗಿಡ ಇಟ್ಟುಕೊಂಡು ಆಕ್ಸಿಜನ್ ಬಿಡುತ್ತದೆ ಅಂತ 1930ರವರೆಗೂ ಬಹಳ ಜನ ನಂಬಿದ್ದರು. ನನಗೂ ಯಾರಾದರೂ ಕೇಳಿದ್ದರೆ ಹಾಗೇ ಹೇಳುತ್ತಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಕಾರ್ನೆಲಿಸ್ ವಾನ್ ನೀಲ್ ಒಂದು ಜಾತಿಯ ಬ್ಯಾಕ್ಟೀರಿಯಾ ನೋಡುತ್ತಿದ್ದ. ಅವು ನೀರಿನ ಬದಲು ಗಂಧಕ ಇರುವ ಅನಿಲ ಬಳಸಿ ಬೆಳಕಿನಲ್ಲಿ ಬದುಕುತ್ತವೆ, ಆಕ್ಸಿಜನ್ ಬಿಡುವುದಿಲ್ಲ, ಗಂಧಕ ಉಳಿಸುತ್ತವೆ. ಹಾಗಾದರೆ ಗಿಡದಲ್ಲೂ ಒಡೆಯುವುದು ನೀರೇ ಇರಬೇಕು ಅಂತ ಅವನ ಊಹೆ. 1941ರಲ್ಲಿ ಬರ್ಕ್ಲಿಯ ಸ್ಯಾಮ್ ರೂಬೆನ್ ಮತ್ತು ಮಾರ್ಟಿನ್ ಕೇಮನ್ ಅವರ ತಂಡ ಭಾರದ ಆಕ್ಸಿಜನ್ ಇರುವ ನೀರು ಕೊಟ್ಟು ನೋಡಿತು. ಕಾರವಾರದ ಕಡೆಯವರಿಗೆ ಕೈಗಾ ಅಣುಸ್ಥಾವರದಿಂದಾಗಿ ಭಾರಜಲ ಅನ್ನುವ ಪದ ಹೊಸದಲ್ಲ. ಕೈಗಾದ ಭಾರಜಲದಲ್ಲಿ ಹೈಡ್ರೋಜನ್ ಭಾರ, ಇವರ ನೀರಿನಲ್ಲಿ ಆಕ್ಸಿಜನ್ ಭಾರ, ವ್ಯತ್ಯಾಸ ಅಷ್ಟೇ. ಹೊರಬಂದ ಗುಳ್ಳೆಯಲ್ಲಿ ಆ ಭಾರದ ಆಕ್ಸಿಜನ್ನೇ ಸಿಕ್ಕಿತು. ನಾವು ಈಗ ಎಳೆದುಕೊಂಡ ಉಸಿರು ಯಾವತ್ತೋ ನೀರಾಗಿತ್ತು, ಅದನ್ನು ಯಾವುದೋ ಎಲೆಯೋ ಪಾಚಿಯೋ ಒಡೆದಿದೆ. ಇದನ್ನು ಕಂಡುಹಿಡಿದ ರೂಬೆನ್ ಎರಡು ವರ್ಷದಲ್ಲೇ, 1943ರಲ್ಲಿ, ಯುದ್ಧಕ್ಕಾಗಿ ವಿಷಾನಿಲದ ಸಂಶೋಧನೆ ಮಾಡುವಾಗ ಅದೇ ಅನಿಲ ತಾಗಿ ತೀರಿಕೊಂಡ. ಅವನಿಗಿನ್ನೂ 29.

ಅವನೂ ಕೇಮನ್ನೂ 1940ರಲ್ಲಿ ಕಂಡುಕೊಂಡಿದ್ದ ಕಾರ್ಬನ್-14 ಅನ್ನುವ ವಿಕಿರಣ ಬಿಡುವ ಇಂಗಾಲ ಮುಂದಿನವರ ಕೈಗೆ ಸಿಕ್ಕಿತು. ಯುದ್ಧ ಮುಗಿದ ಮೇಲೆ ಅದೇ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್, ಜೇಮ್ಸ್ ಬ್ಯಾಶಮ್ ಚಪ್ಪಟೆ ಗಾಜಿನ ಪಾತ್ರೆಯಲ್ಲಿ ಪಾಚಿ ಬೆಳೆಸಿ, ಅದಕ್ಕೆ ಗುರುತಿನ ಇಂಗಾಲ ಉಣಿಸಿ, ಕೆಲವೇ ಸೆಕೆಂಡಿನಲ್ಲಿ ಕುದಿಯುವ ಆಲ್ಕೋಹಾಲಿಗೆ ಬಿಟ್ಟು ಕೊಲ್ಲುತ್ತಿದ್ದರು. ತುತ್ತು ಗಂಟಲಲ್ಲಿ ಇರುವಾಗಲೇ ಹಿಡಿದು ನೋಡಿದ ಹಾಗೆ. ಇಂಗಾಲ ಮೊದಲು ಎಲ್ಲಿ ಸೇರಿತು, ಆಮೇಲೆ ಎಲ್ಲಿಗೆ ದಾಟಿತು ಅಂತ ಒಂದೊಂದೇ ಮೆಟ್ಟಿಲು ಹುಡುಕಲು ಸುಮಾರು 10 ವರ್ಷ ಹಿಡಿಯಿತು. 1961ರ ನೊಬೆಲ್ ಕ್ಯಾಲ್ವಿನ್ ಒಬ್ಬನಿಗೇ ಬಂತು. ಬೆನ್ಸನ್ನನಿಗೂ ಸಿಗಬೇಕಿತ್ತು ಅನ್ನುವವರ ಪೈಕಿ ನಾನೂ ಒಬ್ಬ.

ಈ ಮೆಟ್ಟಿಲುಗಳಲ್ಲಿ ಮೊದಲನೆಯದೇ ನಿಧಾನ. ಇಂಗಾಲದ ಡೈಆಕ್ಸೈಡ್ ಹಿಡಿದು ಒಳಗೆ ಕೂರಿಸುವ ಪ್ರೋಟೀನಿಗೆ ರುಬಿಸ್ಕೋ ಅಂತ ಹೆಸರು. ಒಂದು ಸೆಕೆಂಡಿಗೆ ಅದು ಕೂರಿಸುವುದು ಕೆಲವೇ ಕಣ. ಅದಕ್ಕೇ ಎಲೆ ಅದನ್ನು ರಾಶಿ ರಾಶಿ ತಯಾರಿಸಿ ಇಟ್ಟುಕೊಳ್ಳುತ್ತದೆ. ಅದರ ಇನ್ನೊಂದು ತೊಂದರೆ ಅಂದರೆ ಸೆಕೆ ಏರಿದಾಗ ಇಂಗಾಲದ ಡೈಆಕ್ಸೈಡ್ ಬದಲು ಆಕ್ಸಿಜನ್ನನ್ನೇ ಹಿಡಿದುಬಿಡುತ್ತದೆ, ಮಾಡಿದ ಕೆಲಸದಲ್ಲಿ ಒಂದು ಪಾಲು ವ್ಯರ್ಥ. ಭತ್ತಕ್ಕೆ ಈ ತೊಂದರೆ ಇದೆ, ಅಡಿಕೆಗೂ ಇದೆ. ಹಳಿಯಾಳದ ಕಬ್ಬಿಗೆ ಹೆಚ್ಚುಕಮ್ಮಿ ಇಲ್ಲ. ಕಬ್ಬು ಮೊದಲು ಇಂಗಾಲವನ್ನು ಬೇರೆ ದಾರಿಯಲ್ಲಿ ಹಿಡಿದು, ಒಳಗಿನ ಒಂದು ಕೋಣೆಗೆ ಒತ್ತಿ ತುಂಬಿ, ಅಲ್ಲಿ ರುಬಿಸ್ಕೋಗೆ ಕೊಡುತ್ತದೆ. ಆಕ್ಸಿಜನ್ನಿಗೆ ಅಲ್ಲಿ ಜಾಗವೇ ಸಿಗುವುದಿಲ್ಲ. ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲಾಕ್ 1966ರಲ್ಲಿ ಇದನ್ನು ವಿವರಿಸಿದರು. ಜೋಳ, ರಾಗಿ, ಮೆಕ್ಕೆಜೋಳ ಕೂಡ ಇದೇ ಗುಂಪಿನವು. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿದು ಜೋನಿಬೆಲ್ಲ ಇಳಿಯುವಾಗ ನನಗೆ ಈಗೀಗ ಇದೇ ನೆನಪಾಗುತ್ತದೆ, ಕಬ್ಬಿನ ಎಲೆ ಹಿಡಿದಿಟ್ಟ ಬಿಸಿಲನ್ನೇ ನಾವು ಕುದಿಸುತ್ತಿರುವುದು ಅಂತ.

ಬನವಾಸಿಯ ಅನಾನಸ್ಸಿನದು ಮತ್ತೊಂದು ದಾರಿ. ಹಗಲು ಎಲೆಯ ಬಾಯಿ ತೆರೆದರೆ ನೀರು ಆವಿಯಾಗುತ್ತದೆ, ಹಾಗಾಗಿ ಅದು ಮುಖ್ಯವಾಗಿ ರಾತ್ರಿ ಬಾಯಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹುಳಿಯಾಗಿ ಕೂಡಿಟ್ಟು, ಹಗಲು ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತದೆ.

ಕೆಳಗಿನವರು, ಅಂದರೆ ಕರಾವಳಿಯವರು, ನಮ್ಮದೇನು ಅಂತ ಕೇಳಬಹುದು. ನಿಮ್ಮದೇ ದೊಡ್ಡದು. ಭೂಮಿಯ ಮೇಲೆ ನಡೆಯುವ ಈ ಅಡುಗೆಯಲ್ಲಿ ಹೆಚ್ಚುಕಮ್ಮಿ ಅರ್ಧ ಸಮುದ್ರದಲ್ಲಿ ನಡೆಯುತ್ತದೆ, ಬರಿಗಣ್ಣಿಗೆ ಕಾಣದ ತೇಲುಪಾಚಿಗಳಿಂದ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಡಲಿನ ಆಳದ ತಣ್ಣಗಿನ ನೀರು ಮೇಲಕ್ಕೆ ಬರುತ್ತದೆ, ಜೊತೆಗೆ ತಳದ ಸಾರವೂ ಬರುತ್ತದೆ. ಆಗ ಪಾಚಿ ಹುಲುಸಾಗಿ ಏಳುತ್ತದೆ. ಅದನ್ನು ತಿಂದು ತಾರ್ಲೆ ಮೀನು ಕೊಬ್ಬುತ್ತದೆ. ಬಂಗಡೆಯ ಹೊಟ್ಟೆಗೂ ಅದೇ ಮೂಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬುಟ್ಟಿ ಬುಟ್ಟಿ ಇಳಿಯುವ ಮೀನೂ ಹೀಗೆ ಲೆಕ್ಕ ಹಾಕಿದರೆ ಬಿಸಿಲಿನ ಫಸಲೇ.

ಈಗ ತೋಟಕ್ಕೆ ಬರುತ್ತೇನೆ. ಗೊಬ್ಬರ ಬೇಡ ಅಂತ ನಾನು ಹೇಳಿಲ್ಲ, ಹಾಗೆ ಯಾರೂ ತಿಳಿಯಬಾರದು. ಎಲೆಯ ಹಸಿರಿನ, ಅಂದರೆ ಪತ್ರಹರಿತ್ತಿನ ಕಣದ ನಟ್ಟನಡುವೆ ಒಂದು ಮೆಗ್ನೀಸಿಯಂ ಕೂತಿರುತ್ತದೆ. ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಅದನ್ನು ಬಿಡಿಸಿ ತೋರಿಸಿದ, 1915ರಲ್ಲಿ ನೊಬೆಲ್ ಪಡೆದ. ರುಬಿಸ್ಕೋ ರಾಶಿ ಕಟ್ಟಲು ಸಾರಜನಕ ಬೇಕು. ನೀರು ಒಡೆಯುವ ಜಾಗದಲ್ಲಿ ಮ್ಯಾಂಗನೀಸ್ ಬೇಕು. ಇದೆಲ್ಲ ಮಣ್ಣಿನಿಂದಲೇ ಬರಬೇಕು. ನಮ್ಮ ಮಳೆಗೆ ಇವುಗಳಲ್ಲಿ ಎಷ್ಟೋ ತೊಳೆದು ಹೋಗುತ್ತವೆ, ಆದ್ದರಿಂದ ಸೊಪ್ಪು ಗೊಬ್ಬರ ಬೇಕೇ ಬೇಕು. ಬೂದಿಯಲ್ಲಿ ಉಳಿಯುವುದೂ ಇಂಥವೇ, ಸಾರಜನಕವೊಂದು ಸುಟ್ಟು ಹಾರಿಹೋಗುತ್ತದೆ. ತೆಂಗಿನ ಬುಡಕ್ಕೆ ಬೂದಿ ಹಾಕುವುದು ಅಂದರೆ ಮಣ್ಣಿನ ಸಾಲ ಮಣ್ಣಿಗೆ ತೀರಿಸುವುದು.

ಒಲೆಯೇ ಇಲ್ಲದ ಮನೆಗೆ ಸಾಮಾನು ತಂದು ಹಾಕಿದರೆ ಏನು ಮಾಡೋದು? ಅಡಿಕೆ ಮರದ ರಚನೆ ನೋಡಿ, ಒಂದೊಂದು ಸೋಗೆಯ ಕಂಕುಳಲ್ಲಿ ಒಂದೊಂದು ಸಿಂಗಾರ, ಅಂದರೆ ಹೂಗೊಂಚಲು. ಸೋಗೆಯ ಬುಡದ ಹಾಳೆ ಕಳಚಿ ಬಿದ್ದ ಮೇಲೆ ಅದು ಹೊರಗೆ ಬರುತ್ತದೆ. ಆ ಸಿಂಗಾರ ಗೊನೆಯಾಗಿ ತುಂಬಿಕೊಳ್ಳಲು ಸಕ್ಕರೆ ಬರಬೇಕಾದದ್ದು ಮೇಲೆ ಉಳಿದ ಸೋಗೆಗಳಿಂದ. ಎಲೆಚುಕ್ಕಿಯ ಶಿಲೀಂಧ್ರ ಮೊದಲು ಸಣ್ಣ ಕಂದು ಚುಕ್ಕಿ, ಸುತ್ತ ಹಳದಿ ಬಳೆ. ಆಮೇಲೆ ಚುಕ್ಕಿಗೆ ಚುಕ್ಕಿ ಕೂಡಿ ಗರಿ ಪೂರ್ತಿ ಸುಟ್ಟ ಹಾಗೆ ಒಣಗುತ್ತದೆ. ಸುಟ್ಟಷ್ಟು ಜಾಗದಲ್ಲಿ ಅಡುಗೆ ನಿಂತಿತು ಅಂತ ಅರ್ಥ. ಅದಕ್ಕೇ ರೋಗ ಬಂದ ವರ್ಷಕ್ಕಿಂತ ಮುಂದಿನ ವರ್ಷ ಹೊಡೆತ ಜೋರಾಗಿ ಗೊತ್ತಾಗುವುದು. ಬೇಸಿಗೆಯಲ್ಲಿ ನೀರು ತಪ್ಪಿಸಿದಾಗಲೂ ಹೀಗೇ. ನೀರು ಉಳಿಸಿಕೊಳ್ಳಲು ಎಲೆ ಬಾಯಿ ಮುಚ್ಚುತ್ತದೆ, ಬಾಯಿ ಮುಚ್ಚಿದರೆ ಗಾಳಿ ಒಳಗೆ ಬರದು, ಗಾಳಿ ಬರದಿದ್ದರೆ ಅಡುಗೆ ಇಲ್ಲ. ಬಾಯಾರಿದ ಮರ ಹಸಿದುಕೊಂಡೂ ಇರುತ್ತದೆ.

ಮೊನ್ನೆ ಸಂಜೆ ಕೆಳಗಿನ ತೋಟದಲ್ಲಿ ನಾನೂ ಕೂಸೂ ಸೋಗೆ ಎಣಿಸುತ್ತಾ ಹೋದೆವು. ನಾನು ಕತ್ತೆತ್ತಿ ಹೇಳುವುದು, ಅವಳು ಬರೆಯುವುದು. ಮೇಲಿನ ಸಾಲುಗಳಲ್ಲಿ ರೋಗ ಅಷ್ಟಾಗಿ ಇಲ್ಲ, ಅಲ್ಲಿ ಎಂಟು, ಒಂಬತ್ತು, ಎಂಟು. ಹಳ್ಳದ ಬದಿಯ ಸಾಲಿಗೆ ಬಂದಾಗ ಐದು, ನಾಲ್ಕು, ನಾಲ್ಕು, ಒಂದರಲ್ಲಿ ಮೂರೇ. ಆ ಮೂರರ ಮರದ ಕೆಳಗೆ ಅವಳು ನಿಂತಳು. ನೆತ್ತಿಯಲ್ಲಿ ಹೊಸ ಸುಳಿ ಒಂದು, ಇನ್ನೂ ಬಿಚ್ಚಿಕೊಳ್ಳದೆ, ನೆಟ್ಟಗೆ ಈಟಿಯ ಹಾಗೆ ನಿಂತಿತ್ತು.

“ಮಾವ, ಅದನ್ನೂ ಲೆಕ್ಕಕ್ಕೆ ಹಿಡಿಯವನ?”

ಬಿಚ್ಚಿದ ಮೇಲೆ ಹಿಡಿ ಅಂದೆ. ಅವಳು ಪುಸ್ತಕದಲ್ಲಿ ಮೂರು ಅಂತ ಬರೆದು, ಪಕ್ಕದಲ್ಲಿ ಒಂದು ಚಿಕ್ಕ ಗೆರೆ ಎಳೆದಿಟ್ಟಳು.